ಅರ್ಧರ್ಧ ಚಮಚ

ಜನವರಿ 6

ಪುಟ್ಟಿ,

ಪತ್ರ ಮನೆಗೆ ಬಾರದೆ ನಿನ್ನ ಡ್ರೈವಿಂಗ್ ಸ್ಕೂಲಿನ ವಿಳಾಸಕ್ಕೆ ಬಂದದ್ದು ಕಂಡು ಗಾಬರಿಯಾಗಬೇಡ. ಅಥವಾ ಸ್ವಲ್ಪ ಆಗು, ಆದರೆ ಓದಿ ಮುಗಿಸಿದ ಮೇಲೆ. ಅಮ್ಮನ ಕಿವಿ ಮಂದವಾದ ಮೇಲೆ ನಿಮ್ಮ ಮನೆಯ ಫೋನು ಸದಾ ಸ್ಪೀಕರಿನಲ್ಲೇ ಇರುತ್ತದೆ. ನಾನು ಸೀನಿದರೂ ಅವಳಿಗೆ ಗೊತ್ತಾಗುತ್ತದೆ. ನಿನ್ನ ಮೊಬೈಲಿಗೆ ಮಾಡಿದರೆ ನೀನು ನಡುನಡುವೆ ಬಾಯಿ ಹಾಕುತ್ತೀಯ, ನಾನು ಹೇಳಬೇಕಾದ್ದನ್ನು ಹೇಳದೆ ಇಟ್ಟುಬಿಡುತ್ತೇನೆ. ಪತ್ರಕ್ಕೆ ಆ ತೊಂದರೆ ಇಲ್ಲ.

ಬಲತೊಡೆಯಲ್ಲಿ, ಮಂಡಿಯಿಂದ ನಾಲ್ಕು ಬೆರಳು ಮೇಲೆ, ಎರಡು ತಿಂಗಳಿಂದ ನೋವು. ಗ್ರಂಥಾಲಯದ ಬೈಂಡಿಂಗ್ ಕೋಣೆಯಲ್ಲಿ ದಿನವಿಡೀ ನಿಂತೇ ಕೆಲಸ, ವಯಸ್ಸು ನಲವತ್ತನಾಲ್ಕು, ಇದ್ದದ್ದೇ ಅಂದುಕೊಂಡೆ. ಕೊನೆಗೆ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುವಂತಾದ ಮೇಲೆ ಎಕ್ಸ್‌ರೇ ತೆಗೆಸಿದೆ. ಮೂಳೆಯ ಅಂಚು ಹುಳು ತಿಂದ ಪುಟದ ಹಾಗೆ ಕಂಡಿತು. ಅಂಥ ಪುಟಗಳನ್ನು ದಿನಾ ನೋಡುವವಳಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಡಾಕ್ಟರು ನನಗಿಂತ ಬಹಳ ಚಿಕ್ಕವರು. ಮೊದಲ ಪ್ರಶ್ನೆಯೇ ಇದು: "ಈ ಜಾಗಕ್ಕೆ ಹಿಂದೆ ಯಾವಾಗಲಾದರೂ ರೇಡಿಯೇಷನ್ ಕೊಟ್ಟಿದ್ದರಾ?"

"ನನಗಿಲ್ಲ. ನನ್ನ ತಂಗಿಗೆ ಕೊಟ್ಟಿದ್ದರು, ಹತ್ತು ವರ್ಷದವಳಿದ್ದಾಗ. ಅದೇ ಜಾಗದಲ್ಲಿ ಗಡ್ಡೆ ಇತ್ತು. ಕ್ಯಾನ್ಸರ್ ಅಲ್ಲದ್ದು."

"ತಂಗಿ ನಿಮಗಿಂತ ಎಷ್ಟು ಚಿಕ್ಕೋರು?"

"ಹನ್ನೊಂದು ನಿಮಿಷ."

ಅವರು ನಕ್ಕರು. "ಅದಲುಬದಲಾಗಿಲ್ಲ ತಾನೆ?" ನಾನೂ ನಕ್ಕೆ.

ಆಮೇಲೆ ಅವರು ದೀಪವನ್ನು ಹತ್ತಿರಕ್ಕೆ ಎಳೆದರು. ನನ್ನ ತೊಡೆಯ ಮೇಲಿನ ಆ ಚೌಕ ನಿನಗೆ ಗೊತ್ತಲ್ಲ. ಕೂದಲಿಲ್ಲ, ಬೆವರಿಲ್ಲ, ಮೇಜಿನ ಮೇಲೆ ವರ್ಷಗಟ್ಟಲೆ ಇಟ್ಟ ಪುಸ್ತಕ ಎತ್ತಿದಾಗ ಕೆಳಗೆ ಕಾಣುವಂಥ ಬಣ್ಣ. ಇದೇನು ಎಂದು ಕೇಳಿದರು. ಚಿಕ್ಕವಳಿದ್ದಾಗ ಇಸ್ತ್ರಿಪೆಟ್ಟಿಗೆ ಸುಟ್ಟಿದ್ದು ಅಂದೆ.

"ಇಸ್ತ್ರಿಪೆಟ್ಟಿಗೆಗೆ ಒಂದು ಕಡೆ ಮೂತಿ ಇರುತ್ತಲ್ವಾ?" ಅಂದರು. ಇದಕ್ಕೆ ನಾಲ್ಕೂ ಮೂಲೆ ಇವೆ.

ಒಬ್ಬಳಿಗೆ ಜ್ವರ ಬಂದರೆ ಅಮ್ಮ ಒಂದು ಚಮಚ ಔಷಧಿಯನ್ನು ಇಬ್ಬರಿಗೂ ಅರ್ಧರ್ಧ ಕುಡಿಸುತ್ತಿದ್ದಳು. "ಯಾರ ಬಾಯಿಗೆ ಹಾಕಿದರೂ ಇಬ್ಬರಿಗೂ ಹೋಗುತ್ತೆ" ಅನ್ನುತ್ತಿದ್ದಳು. ನಾವು ಅದನ್ನು ನಂಬಿದ್ದೆವು. ನಂಬದಿದ್ದರೆ ಆಸ್ಪತ್ರೆಯ ಹಸಿರು ಪರದೆಯ ಹಿಂದೆ ನಿನ್ನ ಗೌನನ್ನು ನಾನು ಹಾಕಿಕೊಂಡು, ನೀನಾಗಿ, ಆ ಯಂತ್ರದ ಕೋಣೆಗೆ ಹೋಗುತ್ತಿರಲಿಲ್ಲ. ಮೂವತ್ತನಾಲ್ಕು ವರ್ಷಗಳಲ್ಲಿ ಈ ಮಾತನ್ನು ನಾವು ಒಮ್ಮೆಯೂ ಬಾಯಿಬಿಟ್ಟು ಆಡಿಲ್ಲ. ಈಗಲೂ ಆಡುತ್ತಿಲ್ಲ, ಬರೆಯುತ್ತಿದ್ದೇನೆ ಅಷ್ಟೆ.

ಅಮ್ಮನಿಗೆ ಹೇಳಬೇಡ. ದಿನಾ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಮಗಳನ್ನು ಉಳಿಸಿಕೊಂಡೆ ಎಂಬ ಒಂದು ಸಮಾಧಾನ ಅವಳಿಗಿದೆ. ಅದು ಹಾಗೇ ಇರಲಿ.

ಅಕ್ಕ

•

ಜನವರಿ 14

ಅಕ್ಕ,

ನಿನ್ನ ಪತ್ರವನ್ನು ಕಾರಿನಲ್ಲೇ ಕೂತು ಓದಿದೆ. ಪಕ್ಕದಲ್ಲಿ ನಮ್ಮ ನಿವೃತ್ತ ಹೆಡ್ಮಾಸ್ಟರು ಸ್ಟೀರಿಂಗ್ ಹಿಡಿದು ಕಾಯುತ್ತಿದ್ದರು. "ಮೇಡಂ, ಹೊರಡೋಣವೇ, ಅಥವಾ ನಿಂತಿರೋದೂ ಇವತ್ತಿನ ಪಾಠವೇ?" ಅಂದರು. ಇಪ್ಪತ್ತೆರಡು ಪಾಠ ಆದರೂ ಅವರಿಗೆ ಕ್ಲಚ್ಚಿನ ಮೇಲೆ ಕಾಲಿಗಿಂತ ಅಭಿಪ್ರಾಯವೇ ಜಾಸ್ತಿ.

ಅಕ್ಕ, ಅದು ಒಂದೇ ದಿನ. ಮೊದಲ ದಿನ ನಾನು ಅತ್ತು ರಂಪ ಮಾಡಿದೆ, ನೀನು ಹೋದೆ. ಮಾರನೆಯ ದಿನದಿಂದ ನಾನೇ ಹೋದೆ. ಒಂದು ದಿನದ ಕಿರಣಕ್ಕೆ ಮೂಳೆ ಕೆಡುತ್ತದೆಯೆ? ಚೌಕದ ವಿಷಯ ಹೇಳುತ್ತೀಯ. ನಾವು ಅವಳಿಗಳು, ನನ್ನ ಕೆನ್ನೆಯ ಮಚ್ಚೆ ನಿನ್ನ ಕೆನ್ನೆಯಲ್ಲೂ ಇದೆ, ಅದನ್ನು ಯಾವ ಯಂತ್ರ ಇಟ್ಟಿತು?

ನಿನ್ನ ಬರವಣಿಗೆಯ ರೀತಿ ನನಗೆ ಗೊತ್ತು. ಬೈಯುವುದೊಂದನ್ನು ಬಿಟ್ಟು ಬೇರೆಲ್ಲ ಬರೆದಿದ್ದೀಯ. ಬೈಯಬೇಕೆಂದಿದ್ದರೆ ಬೈದುಬಿಡು. ಹನ್ನೊಂದು ನಿಮಿಷದ ದೊಡ್ಡಸ್ತಿಕೆಗೆ ಅಷ್ಟಾದರೂ ಹಕ್ಕಿದೆ.

ಒಂದು ವಿಷಯ ಬರೆಯಬೇಕೋ ಬೇಡವೋ ಗೊತ್ತಾಗಲಿಲ್ಲ. ಮೊನ್ನೆ ಬಟ್ಟೆ ಮಡಚುತ್ತಾ ಅಮ್ಮ, "ಅವಳ ಕಾಲು ಹೇಗಿದೆ?" ಅಂದಳು.

"ಯಾರ ಕಾಲು?" ಅಂದೆ.

ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಸರಿ, ನಿನ್ನದೇ ಅನ್ನು" ಅಂದಳು. ನಿನ್ನ ಪತ್ರ ನನ್ನ ಮೇಜಿನ ಡ್ರಾಯರಿನಲ್ಲಿದೆ, ಬೀಗ ಹಾಕಿದ್ದೇನೆ. ಅವಳಿಗೆ ನಾನು ಏನೂ ಹೇಳಿಲ್ಲ.

ನೋವು ಚೌಕದ ಒಳಗೇ ಇದೆಯೆ? ಹೊರಗೂ ಇದೆಯೆ? ನನ್ನ ಚೌಕದೊಳಗೆ ಸೊಳ್ಳೆ ಕೂರುವುದಿಲ್ಲ. ಗೆರೆಯವರೆಗೆ ಬಂದು ತಿರುಗಿ ಹೋಗುತ್ತದೆ. ನಿನ್ನದರಲ್ಲಿ?

ಪುಟ್ಟಿ

•

ಜನವರಿ 25

ಪುಟ್ಟಿ,

ನನ್ನದರಲ್ಲೂ ಕೂರುವುದಿಲ್ಲ. ನೋವು ಒಳಗೇ ಇದೆ. ಗೆರೆ ದಾಟಿದರೆ ಏನೂ ಇಲ್ಲ; ಬೆರಳಿಟ್ಟು ನೋಡಿದೆ. ಒಂದು ಕೋಣೆಯಲ್ಲಿ ಯಾರೋ ಇದ್ದಾರೆ, ಬಾಗಿಲ ಆಚೆ ಮನೆ ಖಾಲಿ, ಹಾಗಿದೆ.

ಬಯಾಪ್ಸಿ ಆಯಿತು. ಮೂಳೆಯ ಕ್ಯಾನ್ಸರ್. ಈ ವಯಸ್ಸಿನಲ್ಲಿ ಇದು ಸುಮ್ಮನೆ ಬರುವುದು ಅಪರೂಪವಂತೆ. ಎಂದೋ ಕಿರಣ ಬಿದ್ದ ಜಾಗದಲ್ಲಿ ಬರುತ್ತದೆ, ಕೆಲವೊಮ್ಮೆ ಮೂವತ್ತು ವರ್ಷ ಕಳೆದ ಮೇಲೂ. "ಅಷ್ಟು ದಿನ ಅದು ಎಲ್ಲಿರುತ್ತೆ?" ಎಂದು ಕೇಳಿದೆ. "ಎಲ್ಲೂ ಇರಲ್ಲ. ಮೂಳೆ ಮಾತ್ರ ಮರೆತಿರಲ್ಲ" ಅಂದರು. ಡಾಕ್ಟರುಗಳು ಹೀಗೆ ಮಾತಾಡಬಾರದು ಅನ್ನಿಸಿತು.

ಹಿಂದೆ ಕಿರಣ ಕೊಟ್ಟಿದ್ದರೇ ಎಂದು ಮತ್ತೊಮ್ಮೆ ಕೇಳಿದರು. ನಾನು ಮತ್ತೊಮ್ಮೆ ಇಲ್ಲ ಅಂದೆ. ಏಕೆಂದರೆ ಅವರ ಯೋಜನೆ ಹೀಗಿದೆ: ಫೆಬ್ರವರಿ ಹದಿನೆಂಟರಿಂದ ಕಿರಣ ಕೊಟ್ಟು ಗಡ್ಡೆ ಕುಗ್ಗಿಸುವುದು, ಆಮೇಲೆ ಆ ತುಂಡು ಮೂಳೆಯನ್ನಷ್ಟೇ ತೆಗೆಯುವುದು. ಕಾಲು ಉಳಿಯುತ್ತದೆ. ಹಿಂದೆ ಕಿರಣ ಬಿದ್ದಿದ್ದರೆ ಅದಾಗದು; ಆ ಮೂಳೆ, ಆ ಮಾಂಸ ಮತ್ತೊಮ್ಮೆ ತಡೆದುಕೊಳ್ಳದೆ ಕೊಳೆಯಬಹುದು, ರೋಗ ಮಾತ್ರ ಜಗ್ಗದೆ ಉಳಿಯಬಹುದು. ಆಗ ಕಾಲನ್ನೇ ತೆಗೆಯುವುದು ಕ್ಷೇಮ. ನಿಜ ಹೇಳಿದರೆ ಕಾಲು ಹೋಗುತ್ತದೆ. ಹೇಳದಿದ್ದರೆ ಏನು ಹೋಗುತ್ತದೋ ಗೊತ್ತಿಲ್ಲ. ಜೊತೆಗೆ ಅಮ್ಮ. ನಾನು ಕಾಲಿಗಾಗಿ ಸುಮ್ಮನಿದ್ದೇನೋ ಅಮ್ಮನಿಗಾಗಿಯೋ ಎಂದು ನನ್ನನ್ನೇ ಕೇಳಿಕೊಂಡೆ. ಅಮ್ಮನಿಗಾಗಿ ಎಂದುಕೊಂಡರೆ ನಾನು ಒಳ್ಳೆಯವಳಾಗಿ ಕಾಣುತ್ತೇನೆ. ಅದಕ್ಕೇ ಆ ಉತ್ತರದ ಮೇಲೆ ನಂಬಿಕೆ ಬರುತ್ತಿಲ್ಲ.

ಸ್ಕ್ಯಾನಿನ ದಿನ ಒಂದು ಘಟನೆ ನಡೆಯಿತು. ಕೊಳವೆಯೊಳಗೆ ಮಲಗಿಸಿ ಎಲ್ಲರೂ ಆಚೆ ಹೋದರು. ಸ್ಪೀಕರಿನಲ್ಲಿ ಒಬ್ಬ ಗಂಡಸಿನ ದನಿ, "ಅಲ್ಲಾಡಬೇಡ ಪುಟ್ಟಿ" ಅಂದಿತು. ಅದೇ ದನಿ. ಚಿಕ್ಕಂದಿನ ಆ ಯಂತ್ರದ ಕೋಣೆಯಲ್ಲಿ, ಆ ದಪ್ಪ ಬಾಗಿಲು ಮುಚ್ಚಿದ ಮೇಲೆ, ಗೋಡೆಯೊಳಗಿಂದ ಬರುತ್ತಿತ್ತಲ್ಲ. ನಾನು ಅಲ್ಲಾಡಲಿಲ್ಲ. ಹೊರಗೆ ಬಂದು ನೋಡಿದರೆ ಟೆಕ್ನಿಷಿಯನ್ ಹೆಂಗಸು. ಅವಳು ನನ್ನ ಜೊತೆ ಮಾತೇ ಆಡಿರಲಿಲ್ಲವಂತೆ. ಆ ದಿನ ಸ್ಪೀಕರು ಕೆಟ್ಟಿತ್ತಂತೆ.

ಒಂದು ದಿನ ಅನ್ನುತ್ತೀಯ. ನನಗೆ ಒಂಬತ್ತು ದಿನ ನೆನಪಿದೆ. ಒಂದೇ ದಿನಕ್ಕಾದರೆ ಬಟರ್ ಪೇಪರ್ ಏಕೆ ಬೇಕಿತ್ತು? ನಿನ್ನ ತೊಡೆಯ ಮೇಲೆ ಅವರು ಎಳೆದ ನೇರಳೆ ಶಾಯಿಯ ಗೆರೆಗಳನ್ನು ಅದರಲ್ಲಿ ತೆಗೆದುಕೊಂಡು ನನ್ನ ತೊಡೆಯ ಮೇಲೆ ಬರೆಯುತ್ತಿದ್ದೆವು. ಗಡ್ಡೆಯ ಚೂರು ಪರೀಕ್ಷೆಗೆ ತೆಗೆದಾಗಿನ ನಿನ್ನ ಹೊಲಿಗೆಯ ಗುರುತಿನ ಜಾಗಕ್ಕೆ ನನಗೂ ಪ್ಲಾಸ್ಟರ್ ಅಂಟಿಸುತ್ತಿದ್ದೆ. ಕುಂಟುವುದನ್ನು ಮಾತ್ರ ಯಾರೂ ಕಲಿಸಬೇಕಾಗಿರಲಿಲ್ಲ. ನಿನಗಿಂತ ಚೆನ್ನಾಗಿ ಕುಂಟುತ್ತಿದ್ದೆ. ಆ ಕಾಗದ ನಮ್ಮ ಹಳೆಯ ಅಟ್ಲಾಸಿನ ಹಿಂಬದಿಯ ರಟ್ಟಿನೊಳಗೆ ಇತ್ತು. ಭಾನುವಾರ ತೆಗೆದು ತೊಡೆಯ ಮೇಲಿಟ್ಟು ನೋಡಿದೆ. ಹೊಂದಲಿಲ್ಲ. ಕಾಗದ ಇದ್ದಷ್ಟೇ ಇದೆ. ಚೌಕ ನನ್ನ ಜೊತೆ ಬೆಳೆದಿದೆ.

ಅಕ್ಕ

•

ಫೆಬ್ರವರಿ 1

ಅಕ್ಕ,

ಒಂದಲ್ಲ. ಒಂಬತ್ತೂ ಅಲ್ಲ. ಇಪ್ಪತ್ತರಲ್ಲಿ ಹದಿನಾಲ್ಕು.

ಇದನ್ನು ಬರೆಯಲು ಆರು ಹಾಳೆ ಹರಿದಿದ್ದೇನೆ, ಆದ್ದರಿಂದ ಒಂದೇ ಉಸಿರಿಗೆ ಬರೆಯುತ್ತೇನೆ. ಭಯವಿದ್ದದ್ದು ಮೊದಲ ನಾಲ್ಕು ದಿನ. ಆಮೇಲೆ ಭಯವಿರಲಿಲ್ಲ. ನೀನು ಒಳಗೆ ಹೋದ ಮೇಲೆ ನಾನು ನಿನ್ನ ಫ್ರಾಕ್ ಹಾಕಿಕೊಂಡು ಬಟ್ಟೆಗಳ ಕೋಣೆಗೆ ಹೋಗುತ್ತಿದ್ದೆ. ಅಲ್ಲೊಬ್ಬ ಹೆಂಗಸು ಹಾಸಿಗೆಯ ಬಟ್ಟೆ ಮಡಚುತ್ತಿದ್ದಳು. ಬಿಸಿ ಬಟ್ಟೆಯ ಮೇಲೆ ನನ್ನನ್ನು ಕೂರಿಸಿ ಬಿಸ್ಕೆಟ್ ಕೊಡುತ್ತಿದ್ದಳು. "ನೀನು ರೋಗಿಯಾ, ರೋಗಿಯ ಅಕ್ಕನಾ?" ಎಂದು ಕೇಳಿದಳು. ಅಕ್ಕ ಅಂದೆ. ಹಾಗೆ ಅನ್ನುವುದು ಎಷ್ಟು ಹಾಯಾಗಿತ್ತು ಗೊತ್ತೆ? ಅದಕ್ಕೋಸ್ಕರ ದಿನಾ ಪರದೆಯ ಹಿಂದೆ ಅಳುವ ಹಾಗೆ ನಟಿಸಿದೆ. ನೀನು ದಿನಾ ನಂಬಿದೆ.

ಆರೇ ದಿನದ ಕಿರಣಕ್ಕೆ ನನ್ನ ಗಡ್ಡೆ ಕರಗಿತು. ಉಳಿದ ಹದಿನಾಲ್ಕು ನಿನ್ನ ಮೂಲಕ ನನಗೇ ಬಂತು ಎಂದು ಬಹಳ ವರ್ಷ ನಂಬಿದ್ದೆ. ಹಾಗೆ ನಂಬುವುದು ನನಗೆ ಅನುಕೂಲವಾಗಿತ್ತು.

ಡಾಕ್ಟರಿಗೆ ಹೇಳು. ಹದಿನೆಂಟಕ್ಕೆ ಮುಂಚೆ ಹೇಳು. ಕಾಲು ಹೋದರೆ ಹೋಗಲಿ.

ಪುಟ್ಟಿ

•

ಫೆಬ್ರವರಿ 7

ಪತ್ರ ತಲುಪಿತು.

"ಕಾಲು ಹೋದರೆ ಹೋಗಲಿ" ಎಂದು ಬರೆದಿದ್ದೀಯ. ಕಾಲಿನ ಒಡತಿ ನಾನು.

ಹದಿನೆಂಟನೇ ತಾರೀಕು ಬೆಳಿಗ್ಗೆ ಒಂಬತ್ತೂವರೆಗೆ ಸಮಯ ಕೊಟ್ಟಿದ್ದಾರೆ. ಹೋಗುತ್ತೇನೆ. ಕೆಲಸದಲ್ಲಿ ರಜೆ ಹಾಕಿದ್ದೇನೆ. ಅರ್ಧಕ್ಕೆ ಬಿಟ್ಟ ಎರಡು ಸಂಪುಟಗಳನ್ನು ಹೊಲಿದು ಮುಗಿಸಿದೆ.

ನಿನ್ನೆ ಅಮ್ಮ ಫೋನ್ ಮಾಡಿದ್ದಳು, ನೀನು ಮನೆಯಲ್ಲಿ ಇರಲಿಲ್ಲ ಅನ್ನಿಸುತ್ತದೆ. ಹವೆ, ಊಟ, ನಿನ್ನ ಹೆಡ್ಮಾಸ್ಟರು ಗೇಟಿಗೆ ಕಾರು ತಾಗಿಸಿದ್ದು, ಎಲ್ಲ ಹೇಳಿದಳು. ಇಡುವ ಮುಂಚೆ ಕೇಳಿದಳು: "ಇವತ್ತಿಗೆ ಎಷ್ಟನೇ ದಿನ?"

ಏನಕ್ಕೆ ಎಷ್ಟನೇ ದಿನ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

•

ಫೆಬ್ರವರಿ 11

ಅಕ್ಕ,

ಅಮ್ಮನಿಗೆ ಹೇಳಿಬಿಟ್ಟೆ. ಇನ್ನು ನೀನು ಯಾರನ್ನೂ ಕಾಯಬೇಕಾಗಿಲ್ಲ. ಆದರೆ ಹೇಳಿದ್ದು ನಾನೋ ಅವಳೋ ಎಂಬುದೇ ನನಗೆ ಗೊತ್ತಾಗುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮಧ್ಯಾಹ್ನ ಅಮ್ಮ ಕಿಟಕಿಯ ಹತ್ತಿರ ಕೂತಿದ್ದಳು. ನಾನು ಕಿವಿಯ ಹತ್ತಿರ ಬಗ್ಗಿ ಹೇಳಿದೆ: "ಅಮ್ಮ, ಆಸ್ಪತ್ರೆಯಲ್ಲಿ ನನ್ನ ಗಡ್ಡೆಗೆ ಕರೆಂಟ್ ಕೊಡ್ತಿದ್ರಲ್ಲ, ನನ್ನ ಬದಲು ಅಕ್ಕ ಹೋಗ್ತಿದ್ಲು."

"ಹದಿನಾಲ್ಕು ದಿನ" ಅಂದಳು.

ಅವಳ ಕಬ್ಬಿಣದ ಪೆಟ್ಟಿಗೆಯಿಂದ ನನ್ನ ಹಳೆಯ ಆಸ್ಪತ್ರೆ ಕಾರ್ಡು ತೆಗೆಯಲು ಹೇಳಿದಳು. ಅದರಲ್ಲಿ ದಿನಕ್ಕೊಂದರಂತೆ ಇಪ್ಪತ್ತು ಮನೆ, ಇಪ್ಪತ್ತರಲ್ಲೂ ಆಸ್ಪತ್ರೆಯವರ ಸಹಿ. ಹದಿನಾಲ್ಕು ಮನೆಗಳ ಮೂಲೆಯಲ್ಲಿ ಪೆನ್ಸಿಲ್ಲಿನ ಚುಕ್ಕಿ. ಅಮ್ಮ ಇಟ್ಟ ಚುಕ್ಕಿ.

"ನಿನಗೆ ಗೊತ್ತಿತ್ತಾ?"

"ಹೆತ್ತವಳಿಗೆ ಯಾವುದು ಯಾವುದು ಅಂತ ಗೊತ್ತಾಗಲ್ವಾ? ಅವಳು ಕುಂಟೋದು ನಿನಗಿಂತ ಚೆನ್ನಾಗಿತ್ತು."

"ಮತ್ತೆ ಯಾಕಮ್ಮ ಸುಮ್ಮನಿದ್ದೆ?"

"ಒಂದೇ ಮಗು ಮೇಲೆ ಅಷ್ಟು ಕರೆಂಟ್ ಬಿದ್ದರೆ ಸುಟ್ಟುಹೋಗುತ್ತೆ ಅನ್ನಿಸ್ತು. ಇಬ್ಬರಿಗೂ ಹಂಚಿದರೆ ಅರ್ಧರ್ಧ ಅಲ್ವಾ? ಯಾರಿಗೆ ಕೊಟ್ಟರೂ ಗಡ್ಡೆಗೆ ಹೋಗೇ ಹೋಗುತ್ತೆ. ಹೋಯ್ತೋ ಇಲ್ವೋ?"

"ಅರ್ಧ ಅಂದರೆ ಹತ್ತಲ್ವಾ ಅಮ್ಮ? ಹದಿನಾಲ್ಕು ಯಾಕೆ?"

ಚುಕ್ಕಿಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದಳು. ಆಮೇಲೆ, "ಹತ್ತಾದ ಮೇಲೆ ನಿಲ್ಲಿಸಬೇಕು ಅಂತಾನೇ ಇದ್ದೆ" ಅಂದಳು. "ಅವಳು ಗಟ್ಟಿ ಮಗು. ನೀನು ಹುಟ್ಟಿದಾಗಿನಿಂದ ಸೋತ ಮಗು. ಇನ್ನೊಂದು ದಿನ, ಇನ್ನೊಂದು ದಿನ ಅಂತ ಹಾಗೇ ಆಗೋಯ್ತು."

ಅವಳು ಅಳಲಿಲ್ಲ. ತನ್ನ ರಕ್ತದೊತ್ತಡದ ಮಾತ್ರೆಯನ್ನು ಉಗುರಿನಿಂದ ಎರಡು ಮಾಡಿ ಅರ್ಧ ನನ್ನ ಕಡೆ ಚಾಚಿದಳು. "ತಗೋ. ಅವಳು ದೂರ ಇದ್ದಾಳೆ, ನನ್ನ ಕೈ ಎಟುಕಲ್ಲ. ನೀನು ನುಂಗು, ಹೋಗುತ್ತೆ."

ನುಂಗಿದೆ ಅಕ್ಕ. ಕಾರಿಗೆ ಎರಡು ಬ್ರೇಕ್ ಹಾಕಿಸಿಕೊಂಡು ಊರಿಗೆಲ್ಲ ಬುದ್ಧಿ ಹೇಳುವವಳು, ನೀರಿಲ್ಲದೆ ನುಂಗಿದೆ.

ಕಾರ್ಡು ಈ ಲಕೋಟೆಯಲ್ಲಿದೆ. ಡಾಕ್ಟರಿಗೆ ನಾನು ಬರೆದ ಕಾಗದವೂ ಇದೆ. ಕೊಡುವುದು ಬಿಡುವುದು ಕಾಲಿನ ಒಡತಿಗೆ ಸೇರಿದ್ದು. ಆದರೆ ನನಗೆ ಅಕ್ಕ ಅಂತ ಕರೆಯಲು ಇರುವವಳು ಒಬ್ಬಳೇ.

ಪುಟ್ಟಿ

•

ಫೆಬ್ರವರಿ 17

ಪುಟ್ಟಿ,

ಲಕೋಟೆ ನಿನ್ನೆ ಬಂತು. ಇವತ್ತು ಹೋಗಿ ಕೊಟ್ಟೆ.

ನಿನ್ನ ಕಾಗದ ತೆಗೆಯಲಿಲ್ಲ, ಕ್ಷಮಿಸು. ನನ್ನ ಬಾಯಿಂದಲೇ ಬರಲಿ ಅನ್ನಿಸಿತು. ಕಾರ್ಡನ್ನು ಮೇಜಿನ ಮೇಲಿಟ್ಟು, "ಅದಲುಬದಲಾಗಿದೆ" ಅಂದೆ. ಡಾಕ್ಟರು ನಗಲಿಲ್ಲ. ಚುಕ್ಕಿಗಳನ್ನು ಪೆನ್ನಿನ ತುದಿಯಿಂದ ಎಣಿಸಿದರು, ಮತ್ತೆ ಎಣಿಸಿದರು.

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಅದು ನನ್ನ ಕಾಯಿಲೆ ಆಗಿರಲಿಲ್ಲ" ಅಂದೆ. ಅವರು ಎದ್ದು ಹೋಗಿ ನೀರು ಕುಡಿದು ಬಂದರು.

ನಾಳೆಯ ಕಿರಣ ರದ್ದಾಯಿತು. ಇಪ್ಪತ್ತನಾಲ್ಕಕ್ಕೆ ಶಸ್ತ್ರಕ್ರಿಯೆ. ತೊಡೆಯ ಅರ್ಧದಿಂದ ತೆಗೆಯುತ್ತಾರೆ, ಚೌಕ ಪೂರ್ತಿ ಹೋಗುತ್ತದೆ. ಎದೆಯ ಸ್ಕ್ಯಾನಿನಲ್ಲಿ ಏನೂ ಇಲ್ಲ. ರೋಗ ಇನ್ನೂ ಹೊಸಿಲು ದಾಟಿಲ್ಲ. ನಾಳೆಯದು ನಡೆದಿದ್ದರೆ ಅದು ದಾಟುವವರೆಗೆ ತಮಗೆ ತಿಳಿಯುತ್ತಲೇ ಇರಲಿಲ್ಲವೇನೋ ಎಂದರು.

ಹೋದ ಪತ್ರದಲ್ಲಿ ಹೆಸರು ಹಾಕದೆ ಕಳಿಸಿದೆ. ನೀನು ಗಮನಿಸಿರುತ್ತೀಯ. ನನಗೆ ಸಿಟ್ಟು ಬಂದದ್ದು ಹದಿನಾಲ್ಕಕ್ಕಲ್ಲ, ಬಿಸ್ಕೆಟ್ಟಿಗೆ. ಅಮ್ಮನ ಮೇಲೆ ಬರಬೇಕಾದ ಸಿಟ್ಟು ಎಲ್ಲಿ ಹುಡುಕಿದರೂ ಸಿಗುತ್ತಿಲ್ಲ. ಅವಳು ನನ್ನನ್ನು ಗಟ್ಟಿ ಮಗು ಅಂದಳು ಎಂಬ ಸಾಲನ್ನು ನಾಲ್ಕು ಸಲ ಓದಿದೆ, ಸಂತೋಷದಿಂದ. ನನ್ನನ್ನು ಏನೆನ್ನಬೇಕು?

ಡಾಕ್ಟರು ಇನ್ನೊಂದು ಹೇಳಿದರು. ಆರೇ ದಿನವಾದರೂ ಕಿರಣ ಕಿರಣವೇ. ನೀನೂ ಸ್ಕ್ಯಾನ್ ಮಾಡಿಸಬೇಕು.

ಅಕ್ಕ

•

ಮಾರ್ಚ್ 8

ಪುಟ್ಟಿ,

ನೀನು ಬಂದು ಎಂಟು ದಿನ ಇದ್ದು ಹೋದೆ. ತಲೆ ಬಾಚಿದೆ, ದಿಂಬು ಸರಿಮಾಡಿದೆ, ನರ್ಸುಗಳನ್ನು ನಗಿಸಿದೆ. ವಾರ್ಡಿನವರು ನಮ್ಮಿಬ್ಬರನ್ನು ನೋಡಿ, ಕಾಲಿರುವುದು ಯಾರು, ಇಲ್ಲದಿರುವುದು ಯಾರು ಎಂದು ಹೊದಿಕೆಯ ಕಡೆ ಕಣ್ಣು ಹಾಯಿಸುತ್ತಿದ್ದರು. ಎಂಟು ದಿನದಲ್ಲಿ ನಾವು ಆ ಮಾತು ಆಡಲೇ ಇಲ್ಲ. ಎದುರಿಗಿದ್ದಾಗ ನಮಗೆ ಬರುವುದಿಲ್ಲ ಅನ್ನಿಸುತ್ತದೆ.

ಈಗ ಮನೆಯಲ್ಲಿದ್ದೇನೆ. ಊರುಗೋಲು ಅಭ್ಯಾಸವಾಗುತ್ತಿದೆ. ಆಶ್ಚರ್ಯವೆಂದರೆ ನಡಿಗೆ ಹೊಸದೆನ್ನಿಸುವುದಿಲ್ಲ. ಹತ್ತು ವರ್ಷದವಳಿದ್ದಾಗಲೇ ಕಲಿತದ್ದು.

ಆದರೆ ಇಲ್ಲದ ಕಾಲು ತುರಿಸುತ್ತದೆ. ಪಾದವಲ್ಲ, ಬೆರಳಲ್ಲ, ಚೌಕ. ನಾಲ್ಕೂ ಮೂಲೆ ಗೊತ್ತಾಗುತ್ತದೆ. ಹೀಗಾಗುವುದು ಸಹಜ, ನರಗಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ ಎಂದು ಡಾಕ್ಟರು ವಿವರಿಸಿದರು. ಒಪ್ಪಿದೆ. ಒಪ್ಪಿದರೂ ತುರಿಕೆ ನಿಲ್ಲುವುದಿಲ್ಲ. ಮೂರು ದಿನದಿಂದ ಒಂದೇ ಸಮನೆ. ಕೈ ಹಾಸಿಗೆಯ ಮೇಲೆ ಹೋಗಿ ಖಾಲಿ ಬಟ್ಟೆಯನ್ನು ಕೆರೆದು ಬರುತ್ತದೆ.

ನಗಬೇಡ. ನೀನು ಒಮ್ಮೆ ನಿನ್ನದನ್ನು ಕೆರೆದು ನೋಡು. ದಿನ, ಗಂಟೆ ಬರೆದಿಡು.

ಅಕ್ಕ

•

ಮಾರ್ಚ್ 13

ಅಕ್ಕ,

ನಗಲಿಲ್ಲ.

ನಿನ್ನ ಪತ್ರ ಹನ್ನೆರಡನೇ ತಾರೀಕು ಸಿಕ್ಕಿತು. ಹೆಡ್ಮಾಸ್ಟರು ಅಂದೇ ಪರೀಕ್ಷೆ ಪಾಸಾಗಿ, "ಮೇಡಂ, ಇನ್ನು ನಿಮ್ಮ ಪ್ರಾಣಕ್ಕೆ ನಾನು ಹೊಣೆಯಲ್ಲ" ಎಂದು ಹೇಳಿ ಹೋದರು. ಅವರು ಹೋದ ಮೇಲೆ ಆಫೀಸಿನ ಬಾಗಿಲು ಹಾಕಿ, ಮಧ್ಯಾಹ್ನ ನಾಲ್ಕು ಹತ್ತಕ್ಕೆ, ಮೂಲೆಯಿಂದ ಮೂಲೆಗೆ ಕೆರೆದೆ. ನಿಧಾನವಾಗಿ. ನನ್ನ ಚೌಕಕ್ಕೆ ಏನೂ ತಿಳಿಯುವುದಿಲ್ಲ, ನಿನಗೆ ಗೊತ್ತು; ಮೂವತ್ತನಾಲ್ಕು ವರ್ಷದಿಂದ ಅದು ಮರಗಟ್ಟಿದೆ. ನಿನ್ನೆ ತಿಳಿಯಿತು. ಬೇರೆ ಯಾರದೋ ಕೈ ಹಾಗಿತ್ತು.

ಅಮ್ಮ ಈಗ ಎಲ್ಲ ಮಾತ್ರೆಯನ್ನೂ ಎರಡು ಮಾಡುತ್ತಾಳೆ. ಅವಳ ಡಾಕ್ಟರಿಗೆ ಹೇಳಿ ನಿಲ್ಲಿಸಬೇಕು. ನಿನ್ನೆ ನಿಲ್ಲಿಸಲಾಗಲಿಲ್ಲ.

ನನ್ನ ಸ್ಕ್ಯಾನಿಗೆ ಇಪ್ಪತ್ತಾರನೇ ತಾರೀಕು, ಬೆಳಿಗ್ಗೆ ಹನ್ನೊಂದು ಗಂಟೆಗೆ ಕೊಟ್ಟಿದ್ದಾರೆ. ಮೊನ್ನೆಯಿಂದ ಮೆಟ್ಟಿಲು ಇಳಿಯುವಾಗ ಸ್ವಲ್ಪ ನೋವು. ಮನಸ್ಸಿನದೇ ಇರಬೇಕು. ನನಗೆ ಭಯವಾಗುತ್ತಿದೆ. ಈ ಸಲ ನಿಜವಾಗಿ. ನೀನು ನಂಬಬೇಕೆಂದಿಲ್ಲ.

ಪುಟ್ಟಿ

•

ಮಾರ್ಚ್ 19

ಪುಟ್ಟಿ,

ನಂಬುತ್ತೇನೆ. ಆಗಲೂ ನಂಬಿದ್ದೆ.

ಹನ್ನೆರಡನೇ ತಾರೀಕು ನಾನೂ ಬರೆದಿಟ್ಟಿದ್ದೇನೆ. ನಿನ್ನ ಪತ್ರ ಬರುವುದಕ್ಕೆ ಮುಂಚೆಯೇ, ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ, ಪೆನ್ಸಿಲ್ಲಿನಿಂದ: "ನಾಲ್ಕು ಹತ್ತು. ನಿಂತಿತು." ಇದರಿಂದ ಏನೂ ಸಾಬೀತಾಗುವುದಿಲ್ಲ. ಎಂದೋ ಒಂದು ದಿನ, ಏನೋ ಒಂದು ಗಂಟೆಗೆ ಅದು ನಿಲ್ಲಲೇಬೇಕಿತ್ತು. ನಾನು ಗಂಟೆಯನ್ನಷ್ಟೇ ತಿಳಿಸುತ್ತಿದ್ದೇನೆ.

ಇಪ್ಪತ್ತಾರರಂದು ನೀನು ಒಳಗೆ ಹೋಗು. ನೀನೇ ಹೋಗು. ನನ್ನಿಂದ ಬರಲಾಗದು, ಬಂದರೂ ಈಗ ಯಾರೂ ಮೋಸ ಹೋಗುವುದಿಲ್ಲ. ಗೋಡೆಯೊಳಗಿಂದ ಯಾವುದಾದರೂ ದನಿ ಪುಟ್ಟಿ ಎಂದು ಕರೆದರೆ ಉತ್ತರ ಕೊಡಬೇಡ. ಅದಕ್ಕೆ ಬೇಕಾದವಳು ನಾನು.

ಅಂದು ಹನ್ನೊಂದು ಗಂಟೆಗೆ ಇಲ್ಲಿ ಬಾಗಿಲು ಹಾಕಿಕೊಂಡು, ಅಲ್ಲಾಡದೆ ಮಲಗಿರುತ್ತೇನೆ.

ಅಕ್ಕ